ನೂರು ವರ್ಷದ ತೊಲೆಯೂ ಮಳೆಗಾಲದಲ್ಲಿ ಹಿಗ್ಗುತ್ತದೆ

ಪ್ರಶ್ನೆ: ಊರಿನ ಹಳೆಯ ಮನೆಯನ್ನು ಕೆಡವಿದಾಗ ಸಿಕ್ಕ ಸಾಗುವಾನಿ ತೊಲೆಗಳಿಂದ ಒಂದೂವರೆ ಅಡಿ ಅಗಲದ ಸಣ್ಣ ಮೇಜು ಮಾಡಬೇಕೆಂದಿದ್ದೇನೆ. ಮರಕ್ಕೆ ನೂರು ವರ್ಷವಾಗಿದ್ದು, ಪೂರ್ತಿ ಒಣಗಿರುವುದರಿಂದ ಇನ್ನು ಹಿಗ್ಗುವುದೂ ಕುಗ್ಗುವುದೂ ಇಲ್ಲವಂತೆ. ಹಾಗಿದ್ದರೆ ಮೇಲುಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ, ಸ್ಕ್ರೂ ಹೊಡೆದು ಬಿಗಿದುಬಿಡಬಹುದೇ?

ಉತ್ತರ: ಬಿಗಿಯಬಾರದು. ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಎಷ್ಟೋ ಸಲ ಬರೆದಿದ್ದೇನೆ. ಆದರೂ "ಹಳೆಯ ಮರ ಅಲುಗುವುದಿಲ್ಲ" ಎಂಬ ನಂಬಿಕೆ ಒಂದಿಷ್ಟೂ ಸಡಿಲವಾಗಿಲ್ಲ. ಆದ್ದರಿಂದ ಈ ಸಲ ಅದನ್ನು ಬುಡದಿಂದಲೇ ನೋಡೋಣ.

ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಜೀವಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡ ನೀರು. ಇನ್ನೊಂದು, ಆ ಕೋಶಗಳ ಗೋಡೆಯಲ್ಲೇ ಹಿಡಿದುಕೊಂಡಿರುವ ತೇವ. ಮರ ಕಡಿದ ಮೇಲೆ ಮೊದಲನೆಯದು ಆರಿಹೋಗುತ್ತದೆ, ಮತ್ತೆ ನೆನೆಹಾಕದ ಹೊರತು ಮರಳಿ ಬರುವುದಿಲ್ಲ. ಎರಡನೆಯದಾದರೋ ಸುತ್ತಲಿನ ಗಾಳಿ ಒಣಗಿದಂತೆ ಹೊರಹೋಗುತ್ತ, ಗಾಳಿ ತೇವವಾದಂತೆ ಒಳಬರುತ್ತ, ಮರ ಮರವಾಗಿರುವವರೆಗೂ ಓಡಾಡುತ್ತಲೇ ಇರುತ್ತದೆ, ಮತ್ತು ಹಲಗೆಯನ್ನು ಹಿಗ್ಗಿಸಿ ಕುಗ್ಗಿಸುವುದು ಈ ಎರಡನೆಯ ತೇವವೇ. "ಪೂರ್ತಿ ಒಣಗಿದೆ" ಎನ್ನುವಾಗ ನಾವು ಮೊದಲನೆಯದನ್ನಷ್ಟೇ ಹೇಳುತ್ತಿರುತ್ತೇವೆ.

ಸಾಕ್ಷಿಗೆ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ನೀವು ಕೆಡವಿದ ಆ ಮನೆಯ ಹೆಬ್ಬಾಗಿಲನ್ನೇ ನೆನಪಿಸಿಕೊಳ್ಳಿ. ಅದೂ ತೊಲೆಯಷ್ಟೇ ಹಳೆಯದು. ಆದರೂ ಆಷಾಢದಲ್ಲಿ ಭುಜ ಕೊಟ್ಟು ತಳ್ಳಬೇಕಾಗುತ್ತಿತ್ತು, ಶಿವರಾತ್ರಿಯ ಹೊತ್ತಿಗೆ ತಾನಾಗಿ ಸಡಿಲವಾಗುತ್ತಿತ್ತು. "ತೊಲೆ ಮಾತ್ರ ಎಂದೂ ಅಲುಗಲಿಲ್ಲವಲ್ಲ" ಎನ್ನುವವರಿಗೆ ನನ್ನ ಉತ್ತರವಿಷ್ಟು: ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹಿಗ್ಗುವುದು ಕಣ್ಣಿಗೆ ಕಾಣದಷ್ಟು ಕಡಿಮೆ, ಹಿಗ್ಗುವುದೆಲ್ಲ ಎಳೆಗೆ ಅಡ್ಡಲಾಗಿ. ತೊಲೆಯ ನಾಲ್ಕೈದು ಅಂಗುಲದ ಅಗಲ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಉಬ್ಬಿ ಇಳಿದರೆ ಸೂರಿನಡಿ ಅದನ್ನು ಅಳೆಯುವವರು ಯಾರು? ಅದೇ ತೊಲೆಯನ್ನು ಹಲಗೆಗಳಾಗಿ ಸೀಳಿ, ಪಕ್ಕಪಕ್ಕ ಅಂಟಿಸಿ, ಒಂದೂವರೆ ಅಡಿ ಅಗಲ ಮಾಡಿದಾಗ ಆ ಕೂದಲೆಳೆಗಳೆಲ್ಲ ಒಟ್ಟುಗೂಡುತ್ತವೆ.

ಎಷ್ಟು ಒಟ್ಟುಗೂಡುತ್ತವೆ ಎಂಬುದಕ್ಕೂ ಲೆಕ್ಕವಿದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ 40ರಷ್ಟಿದ್ದರೆ ಮರದೊಳಗಿನ ತೇವ ಶೇ 7–8ರಲ್ಲಿ ನಿಲ್ಲುತ್ತದೆ. ಶೇ 80ಕ್ಕೆ ಏರಿದರೆ ಶೇ 15–16ರವರೆಗೆ ಹೋಗುತ್ತದೆ. ಮನೆಯೊಳಗಿನ ಮೇಜು ಈ ಎರಡು ತುದಿಗಳನ್ನು ಪೂರ್ತಿ ಮುಟ್ಟುವುದು ಕಡಿಮೆ. ಆದ್ದರಿಂದ ಬೇಸಿಗೆಗೂ ಮಳೆಗಾಲಕ್ಕೂ ಮರದೊಳಗಿನ ತೇವದಲ್ಲಿ ಶೇ 5ರಷ್ಟು ವ್ಯತ್ಯಾಸ ಹಿಡಿಯೋಣ. ತೇವ ಶೇ 1 ಬದಲಾದರೆ ಸಾಗುವಾನಿಯ ಅಗಲ ಶೇ 0.19ರಷ್ಟು ಬದಲಾಗುತ್ತದೆ. ಒಂದೂವರೆ ಅಡಿಗೆ ಅದು 4 ಮಿಲಿಮೀಟರಿಗಿಂತ ತುಸು ಹೆಚ್ಚು. ಕೆಳಗಿನ ಅಡ್ಡಪಟ್ಟಿಯ ಎಳೆ ಆ ಅಗಲದ ಉದ್ದಕ್ಕೇ ಇರುವುದರಿಂದ ಪಟ್ಟಿ ಕದಲುವುದಿಲ್ಲ. ಅದಕ್ಕೆ ಬಿಗಿದ ಹಲಗೆ ಬೇಸಿಗೆಯಲ್ಲಿ 4 ಮಿಲಿಮೀಟರ್ ಕುಗ್ಗಲು ಹವಣಿಸಿ, ಆಗದೆ, ನಡುವೆ ಬಿರಿಯುತ್ತದೆ. ನಾನು ನೋಡಿದ ಬಿರುಕು ಬಿಟ್ಟ ಮೇಜುಗಳಲ್ಲಿ ಹೆಚ್ಚಿನವು ಬಿರಿದದ್ದು ಹೀಗೆಯೇ, ಆದರೂ ದೂರು ಮಾತ್ರ ಪ್ರತಿ ಸಲವೂ ಮರದ ಮೇಲೆ. ಪಾಲಿಶ್ ಹಾಕಿದರೆ ಈ ಓಡಾಟ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅದನ್ನೂ ಮೇಲ್ಬದಿಗಷ್ಟೇ ಹಚ್ಚಿ ತಳವನ್ನು ಬರಿದೇ ಬಿಟ್ಟರೆ ಹಲಗೆ ಬಾಗುತ್ತದೆ.

ಹಳೆಯ ಬಡಗಿಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಚೌಕಟ್ಟಿನ ಗಾಡಿಯೊಳಗೆ (ಅಂಚಿನುದ್ದಕ್ಕೆ ಕೊರೆದ ಕಿರುಗಾಲುವೆಯೊಳಗೆ) ಹಲಗೆ ಕೂರಿಸಿದ ಬಾಗಿಲುಗಳನ್ನು ಬಿಚ್ಚಿ ನೋಡಿದರೆ, ಆ ಹಲಗೆಗೆ ಅಂಟೂ ಇರುವುದಿಲ್ಲ, ಮೊಳೆಯೂ ಇರುವುದಿಲ್ಲ. ಹಿಗ್ಗಲು ಜಾಗ ಬಿಟ್ಟು ಸುಮ್ಮನೆ ಕೂರಿಸಿರುತ್ತಾರೆ. ನಿಮ್ಮ ಮೇಜಿಗೂ ಇದೇ ಉಪಾಯ. ಚೌಕಟ್ಟಿನ ಪಟ್ಟಿಗಳ ಒಳಮೈಗೆ ಗಾಡಿ ಹೊಡೆದು, ತುದಿಯಲ್ಲಿ ಸಣ್ಣ ನಾಲಿಗೆಯಿರುವ ಮರದ ತುಂಡುಗಳನ್ನು ಹಲಗೆಯ ತಳಕ್ಕೆ ಸ್ಕ್ರೂ ಮಾಡಿ, ಆ ನಾಲಿಗೆಗಳು ಗಾಡಿಯೊಳಗೆ ಜಾರಾಡುವಂತೆ 3 ಮಿಲಿಮೀಟರ್ ಎಡೆ ಬಿಡಿ. ಹಲಗೆ ಮೇಲಕ್ಕೇಳುವುದಿಲ್ಲ, ಅಗಲಕ್ಕೆ ಮಾತ್ರ ಸ್ವತಂತ್ರವಾಗಿರುತ್ತದೆ.

ಉಳಿದ ಕೆಲಸ ನಿಮಗೆ ಗೊತ್ತಿರುವುದೇ. ತೊಲೆಯ ಮೇಲೆಲ್ಲ ಆಯಸ್ಕಾಂತ ಆಡಿಸಿ ಮೊಳೆ ಕೀಳದೆ ಸಾಮಿಲ್‌ಗೆ ಒಯ್ಯಬೇಡಿ. ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸವಿರಬಹುದಾದ್ದರಿಂದ ಒಣಗಾಗಿ ಉಜ್ಜಬೇಡಿ. ಸೀಳಿಸುವಾಗ, ಹಲಗೆಯ ತುದಿಯಲ್ಲಿ ಕಾಣುವ ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಲ್ಲುವಂತೆ ಸೀಳಿಸಿದರೆ ಹಿಗ್ಗು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೀಳಿದ ಹಲಗೆಗಳನ್ನು ನಡುವೆ ರೀಪು ಇಟ್ಟು ಮನೆಯೊಳಗೆ ಕೆಲವು ವಾರ ಪೇರಿಸಿಡಿ. ಸಾಗುವಾನಿಯಲ್ಲಿ ಎಣ್ಣೆಯಂಶವಿರುವುದರಿಂದ ಕೀಸುಳಿ ಹೊಡೆದ ದಿನವೇ ಅಂಟಿಸಿ.

ಇಲ್ಲಿ ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಕಿತ್ತ ಮೊಳೆಯ ತೂತಿನ ಸುತ್ತ ಕಪ್ಪು ಕಲೆ ಕಂಡರೆ ಮರ ಕೊಳೆತಿದೆಯೆಂದು ಎಸೆಯುವವರಿದ್ದಾರೆ. ಅದು ಬಹಳ ಸಲ ಕೊಳೆಯಲ್ಲ. ಮರದ ಒಗರು ಕಬ್ಬಿಣವನ್ನು ಕೂಡಿದಾಗ, ಅಳಲೆಕಾಯಿಯ ರಸ ಕಬ್ಬಿಣಕ್ಕೆ ತಗುಲಿ ಕಪ್ಪಾಗುವಂತೆಯೇ, ಮರವೂ ಕಪ್ಪಾಗುತ್ತದೆ. ಒಗರು ಹೆಚ್ಚಿರುವ ಮತ್ತಿ, ಹೊನ್ನೆಗಳಲ್ಲಿ ಇದು ಎದ್ದು ಕಾಣುತ್ತದೆ. ಉಳಿಯ ಮೊನೆಯಿಂದ ಒತ್ತಿ ನೋಡಿ: ಮರ ಗಟ್ಟಿಯಿದ್ದರೆ ಅದು ಬರಿಯ ಕಲೆ. ಬೇಡವೆಂದರೆ ಕೈಗವಸು ಹಾಕಿಕೊಂಡು ಆಕ್ಸಾಲಿಕ್ ಆಮ್ಲದ ತೆಳುದ್ರಾವಣ ಹಚ್ಚಿ, ಚೆನ್ನಾಗಿ ತೊಳೆಯಬಹುದು. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ನಾನಂತೂ ಕಲೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಆದರೆ ಹೊಸದಾಗಿ ಹಾಕುವ ಸ್ಕ್ರೂಗಳು ಹಿತ್ತಾಳೆಯವೋ ಸ್ಟೇನ್‌ಲೆಸ್ ಸ್ಟೀಲಿನವೋ ಆಗಿರಲಿ, ಇಲ್ಲದಿದ್ದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಸುತ್ತಲೂ ಅದೇ ಕಪ್ಪು ಮೂಡುತ್ತದೆ.