ಹಳೆ ಜಾವಾ, ಯೆಜ್ದಿ ಕೊಳ್ಳುವ ಮುಂಚೆ ಏನೇನು ನೋಡಬೇಕು

ಹಳೆ ಜಾವಾ ಅಥವಾ ಯೆಜ್ದಿ ಬೈಕ್ ಕೊಂಡವರು ಅದನ್ನು ನಮ್ಮ ಗ್ಯಾರೇಜಿಗೆ ತರುವುದು ಸಾಮಾನ್ಯವಾಗಿ ಪೂರ್ತಿ ದುಡ್ಡು ಕೊಟ್ಟಾದ ಮೇಲೆ. ಟ್ಯಾಂಕಿನ ಕ್ರೋಮ್ ಹೊಳೆಯುತ್ತಿತ್ತು, ಸೀಟು ಹೊಸದಿತ್ತು, ಎರಡು ಸೈಲೆನ್ಸರಿನ ಸದ್ದು ಕೇಳಿದ ಮೇಲೆ ಬೇರೇನೂ ನೋಡಲಿಲ್ಲ ಅನ್ನುತ್ತಾರೆ. ಆ ಸದ್ದಿಗೆ ಮನಸ್ಸು ಸೋಲುವುದು ನನಗೂ ಗೊತ್ತು. ಆದರೆ ಬಣ್ಣ, ಕ್ರೋಮ್, ಸೀಟು ಇವನ್ನೆಲ್ಲ ಯಾವಾಗ ಬೇಕಾದರೂ ಮಾಡಿಸಬಹುದು. ಮಾಡಿಸಲು ಕಷ್ಟವಾಗುವುದು, ಕೆಲವು ಸಲ ಆಗದೇ ಹೋಗುವುದು ಎರಡೇ. ಎಂಜಿನ್ ಒಳಗಿನ ಕೆಲಸ ಮತ್ತು ಆರ್‌ಸಿ. ನೋಡಲು ಹೋದಾಗ ಅರ್ಧಕ್ಕಿಂತ ಜಾಸ್ತಿ ಸಮಯವನ್ನು ಇವೆರಡಕ್ಕೇ ಇಡಿ.

ಅದಕ್ಕೂ ಮೊದಲು, ನಿಮ್ಮೆದುರು ನಿಂತಿರುವ ಗಾಡಿ ನಿಜವಾಗಿ ಯಾವುದು ಅಂತ ತಿಳಿದುಕೊಳ್ಳಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜಾವಾ ತಯಾರಿಸಲು ಶುರುಮಾಡಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಹೆಸರು ಯೆಜ್ದಿ ಅಂತಾಯಿತು, 1978ರಲ್ಲಿ ಯೆಜ್ದಿಯದೇ ಮಾಡೆಲ್ ಆದ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಇವತ್ತು ಜಾವಾಗೆ ಯೆಜ್ದಿಗಿಂತ ಜಾಸ್ತಿ ರೇಟು. ಹಾಗಾಗಿ ಯೆಜ್ದಿಗೆ ಜಾವಾ ಟ್ಯಾಂಕು, ಜಾವಾ ಹೆಡ್‌ಲೈಟ್ ಡೂಮ್ ಕೂರಿಸಿ, ಬ್ಯಾಡ್ಜ್ ಅಂಟಿಸಿ ಮಾರುವವರಿದ್ದಾರೆ. ‘ಆರ್‌ಸಿಯಲ್ಲೇ ಐಡಿಯಲ್ ಜಾವಾ ಅಂತ ಇದೆ ನೋಡಿ ಸಾರ್’ ಎಂದು ತೋರಿಸುತ್ತಾರೆ. ಅದು ಕಂಪನಿಯ ಹೆಸರು, ಯೆಜ್ದಿಯ ಆರ್‌ಸಿಯಲ್ಲೂ ಅದೇ ಇರುತ್ತದೆ. ನೀವು ನೋಡಬೇಕಾದ್ದು ತಯಾರಾದ ವರ್ಷ. 1982ರ ಗಾಡಿಯ ಟ್ಯಾಂಕಿನ ಮೇಲೆ ಜಾವಾ ಅಂತಿದ್ದರೆ ಅದು ಯೆಜ್ದಿ. ಯೆಜ್ದಿ ಕಡಿಮೆ ಗಾಡಿ ಅಂತಲ್ಲ, ದಿನಾ ಓಡಿಸುವುದಕ್ಕೆ ನಾನು ರೋಡ್‌ಕಿಂಗನ್ನೇ ಹೇಳುತ್ತೇನೆ. ಜಾವಾ ರೇಟು ಕೊಟ್ಟು ಯೆಜ್ದಿ ತರಬೇಡಿ, ಅಷ್ಟೇ.

ಇನ್ನು ಎಂಜಿನ್. ಹೋಗುವ ಮುಂಚೆ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ, ಬೇಕಾದರೆ ಮಾರನೇ ದಿನ ಹೋಗಿ. ಬಿಸಿ ಎಂಜಿನ್ ಅರ್ಧ ಕಾಯಿಲೆಗಳನ್ನು ಮುಚ್ಚಿಡುತ್ತದೆ.

ತಣ್ಣಗಿನ ಗಾಡಿಗೆ ಕಿಕ್ ಹೊಡೆದಾಗ ಮೊದಲು ಹೊಗೆ ಬಂದರೆ ಹೆದರಬೇಕಿಲ್ಲ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ ಉರಿಯುತ್ತದೆ, ಸೈಲೆನ್ಸರಿನಲ್ಲಿ ಕೂತಿದ್ದ ಆಯಿಲೂ ಉರಿಯುತ್ತದೆ. ಒಂದಷ್ಟು ದೂರ ಓಡಿಸಿದ ಮೇಲೆ ಅದು ತಿಳಿಯಾಗಬೇಕು. ತಿಳಿಯಾಗದೆ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ಎಡಗಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಅಂತ ಅನುಮಾನಪಡಿ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು, ಗಾಳಿ ಎರಡೂ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು ಆಮೇಲೆ ಮೇಲಕ್ಕೆ ಹೋಗುತ್ತವೆ. ಪಿಸ್ಟನ್ ಮೇಲೇರಿದಾಗೆಲ್ಲ ಕೆಳಗೆ ಎಳೆತ ಉಂಟಾಗುತ್ತದೆ. ಎಡಗಡೆ ಸೀಲಿನ ಆಚೆ ಇರುವುದು ಕ್ಲಚ್ಚು, ಗೇರ್ ಆಯಿಲು. ಸೀಲ್ ಸವೆದಿದ್ದರೆ ಆ ಗೇರ್ ಆಯಿಲನ್ನೇ ಎಂಜಿನ್ ಎಳೆದುಕೊಂಡು ಸುಡುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿಸಿ ಗೇರ್ ಆಯಿಲಿನ ಲೆವೆಲ್ ಸ್ಕ್ರೂ ತೆಗೆದು ನೋಡಿ, ಆಯಿಲ್ ಬರದಿದ್ದರೆ ಅದು ಕಡಿಮೆಯಾಗಿದೆ ಅಂತ ಅರ್ಥ.

ಈಚೆಗೆ ಒಬ್ಬ ಹುಡುಗ ತಂದ ರೋಡ್‌ಕಿಂಗ್ ಹೀಗೇ ಇತ್ತು. ಮಾರಿದವರು ‘ಟೂಟಿ ಆಯಿಲ್ ಸ್ವಲ್ಪ ಜಾಸ್ತಿ ಹಾಕಿದೀನಿ, ಅದಕ್ಕೇ ಹೊಗೆ’ ಎಂದಿದ್ದರಂತೆ. ಲೆವೆಲ್ ಸ್ಕ್ರೂ ಬಿಚ್ಚಿದರೆ ಒಂದು ಹನಿ ಆಯಿಲ್ ಬರಲಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಕಪ್ಪಗೆ ಒದ್ದೆಯಾಗಿತ್ತು, ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲಿಗಿಂತ ಮೊದಲು ಗೇರ್ ಆಯಿಲಿನ ವಾಸನೆಯೇ ಬಂತು. ಆಯಿಲ್ ಇಲ್ಲದೆ ಓಡಿದ್ದಕ್ಕೆ ಗೇರುಗಳ ಹಲ್ಲೂ ಸವೆದಿದ್ದವು. ಸೀಲ್ ಅಗ್ಗದ ಸಾಮಾನು, ಆದರೆ ಅದನ್ನು ಗಮನಿಸದೆ ಓಡಿಸಿದ್ದಕ್ಕೆ ಆ ಹುಡುಗ ಗೇರ್‌ಬಾಕ್ಸ್ ಪೂರ್ತಿ ಮಾಡಿಸಬೇಕಾಯಿತು.

ಬಲಗಡೆ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಅಪಾಯ ಮಾತ್ರ ಇನ್ನೂ ದೊಡ್ಡದು. ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತದೆ. ಗಾಳಿ ಜಾಸ್ತಿಯಾದರೆ ಪೆಟ್ರೋಲು, ಅದರ ಜೊತೆಗಿನ ಆಯಿಲು ಎರಡೂ ಸಾಕಾಗುವುದಿಲ್ಲ, ಎಂಜಿನ್ ಕಾದು ಪಿಸ್ಟನ್ ಜಾಮ್ ಆಗುತ್ತದೆ. ಪತ್ತೆ ಮಾಡುವುದು ಹೇಗೆ ಅಂದರೆ, ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಡಿ. ಸದ್ದು ತಟ್ಟನೆ ಇಳಿಯಬೇಕು. ಇಳಿಯದೆ ಮೇಲೆಯೇ ನಿಂತು, ನಿಧಾನಕ್ಕೆ ಕೆಳಗೆ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬುರೇಟರ್ ಪ್ಯಾಕಿಂಗ್ ಇರಬಹುದು, ಸೀಲ್ ಇರಬಹುದು, ಬರೀ ಕೇಬಲ್ ಹಿಡಿದಿದ್ದರೂ ಹೀಗಾಗುತ್ತದೆ. ಯಾವುದು ಅಂತ ಗೊತ್ತಾಗುವವರೆಗೆ ಅಡ್ವಾನ್ಸ್ ಕೊಡಬೇಡಿ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ನೋಡುವುದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ. ಪ್ಲಗ್ ತೆಗೆದು ಆ ತೂತಿನಿಂದ ಜ್ಯೂಸ್ ಕುಡಿಯುವ ಸ್ಟ್ರಾ ಇಳಿಸಿ ಪಿಸ್ಟನ್ ಮೇಲೆ ನಿಲ್ಲಿಸಿ. ಬಲಗಡೆ ಕವರ್ ಬಿಚ್ಚಿ, ಪಿಸ್ಟನ್ ಅರ್ಧ ದಾರಿಯಲ್ಲಿದ್ದಾಗ ಡೈನಮೋ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಸ್ವಲ್ಪವೇ ಹಿಂದೆ ಮುಂದೆ ಆಡಿಸಿ. ಬೋಲ್ಟ್ ತಿರುಗಿದ ತಕ್ಷಣ ಸ್ಟ್ರಾ ಅಲುಗಬೇಕು. ಬೋಲ್ಟ್ ಮೊದಲು ತಿರುಗಿ, ಸ್ಟ್ರಾ ತಡವಾಗಿ ಏಳುತ್ತದೆ ಅಂದರೆ ಬೇರಿಂಗಿನಲ್ಲಿ ಪ್ಲೇ ಇದೆ, ಅಂದರೆ ಸಡಿಲವಾಗಿದೆ. ಆ ಕೆಲಸಕ್ಕೆ ಎಂಜಿನ್ ಇಳಿಸಿ, ಕೇಸ್ ಎರಡು ಭಾಗ ಮಾಡಿ, ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ, ಹೊಸ ರಾಡ್ ಕಿಟ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಬೇಕು. ಅದನ್ನು ನೆಟ್ಟಗೆ ಮಾಡುವ ಲೇತ್‌ನವರು ಈಗ ಊರಿಗೊಬ್ಬರೂ ಸಿಗುವುದಿಲ್ಲ. ಬೋರ್ ಎಷ್ಟು ಸಲ ಹೊಡೆಸಿದ್ದಾರೆ, ಅಂದರೆ ಸವೆದ ಸಿಲಿಂಡರನ್ನು ಒಳಗಿಂದ ಕೊರೆಸಿ ಎಷ್ಟು ಸಲ ದೊಡ್ಡದು ಮಾಡಿಸಿದ್ದಾರೆ ಅಂತಲೂ ಕೇಳಿ. ಈ 250 ಸಿಸಿ ಎಂಜಿನ್‌ನ ಸ್ಟ್ಯಾಂಡರ್ಡ್ ಬೋರ್ 65 ಮಿಮೀ. ಕೊನೇ ಓವರ್‌ಸೈಜ್ ಮುಗಿದಿದ್ದರೆ ಮುಂದಿನ ಸಲ ಹೊಸ ಸ್ಲೀವ್ ಕೂರಿಸಬೇಕು.

ಈ ಗಾಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಹಾಗಾಗಿ ಅದರ ಶಾಫ್ಟ್ ಎರಡು ಪಟ್ಟು ಸವೆಯುತ್ತದೆ. ಕಿಕ್ ಸ್ಲಿಪ್ ಆಗುತ್ತದಾ, ಶಾಫ್ಟ್ ಸುತ್ತ ಆಯಿಲ್ ಜಿನುಗುತ್ತದಾ ನೋಡಿ. ಇನ್ನೊಂದು ವಿಶೇಷ, ಗೇರ್ ಲಿವರ್ ಒತ್ತಿದರೆ ಕೈಯಲ್ಲಿ ಹಿಡಿಯದೆಯೇ ಕ್ಲಚ್ ಬಿಡುವ ವ್ಯವಸ್ಥೆ ಕಂಪನಿಯಿಂದಲೇ ಬಂದಿದೆ. ಅದು ಕೆಲಸ ಮಾಡುತ್ತಿದ್ದರೆ ಆ ಕಡೆಯನ್ನು ಯಾರೋ ತಿಳಿದವರು ನೋಡಿಕೊಂಡಿದ್ದಾರೆ ಅಂತ ಅರ್ಥ. ಹಾಕಿದ ಗೇರ್ ತಾನಾಗಿಯೇ ಜಂಪ್ ಆಗಿ ಬಿಟ್ಟುಕೊಳ್ಳುತ್ತದಾ ಅಂತ ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ರಸ್ತೆಗೆ ಒಯ್ಯಿರಿ, ಬೇರೆ ಊರಿನಲ್ಲಿ ಯಾವುದಾದರೂ ಏರು. ಎರಡನೇ ಗೇರಿನಲ್ಲಿ ಎಳೆಸಿ. ಹಾಗೇ ಮೇಲೆ ಹೋಗಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಕಿಕ್ ಹೊಡೆಯಿರಿ. ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕಡೆ ತೊಂದರೆ ಇರಬಹುದು.

ಚಾಸಿಗೆ ಜಾಸ್ತಿ ಹೊತ್ತು ಬೇಡ. ಹಿಂದೆ ಕೂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯಾ ನೋಡಿ, ಹ್ಯಾಂಡಲ್ ಹೆಡ್ ಹತ್ತಿರ ವೆಲ್ಡಿಂಗ್ ಗುರುತಿದೆಯಾ ಬೆರಳಾಡಿಸಿ ನೋಡಿ, ಟಾರ್ಚ್ ಹಾಕಿ ಟ್ಯಾಂಕಿನ ಒಳಗಿನ ತುಕ್ಕು ನೋಡಿ.

ಆರ್‌ಸಿ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡವೇ ಬೇಡ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೀವೇ ಕಾಗದ ಇಟ್ಟು ಉಜ್ಜಿ ಪೆನ್ಸಿಲ್ ಪ್ರಿಂಟ್ ತೆಗೆದುಕೊಂಡು ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿ. ನಂಬರಿನ ಸುತ್ತ ಗ್ರೈಂಡರ್ ಗೆರೆ ಇದ್ದರೆ, ಅಕ್ಷರಗಳು ಏರುಪೇರಾಗಿದ್ದರೆ, ಅದರ ಮೇಲೆ ದಪ್ಪಗೆ ಪೇಂಟ್ ಬಳಿದಿದ್ದರೆ ವಾಪಸ್ ಬನ್ನಿ. ಎಂವೈ, ಎಂಇ ಸೀರೀಸಿನ ಹಳೆ ನಂಬರುಗಳ ದಾಖಲೆ ಎಷ್ಟೋ ಸಲ ಇನ್ನೂ ಕಂಪ್ಯೂಟರಿಗೆ ಏರಿರುವುದಿಲ್ಲ. ಆಗ ಮಾರುವವರನ್ನೇ ಆರ್‌ಟಿಓ ಕಚೇರಿಗೆ ಕರೆದುಕೊಂಡು ಹೋಗಿ ಅಲ್ಲಿನ ದಾಖಲೆಯ ನಕಲಾದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಅದರಲ್ಲಿ ಈಗಿನ ಮಾಲೀಕರು ಯಾರು, ಸಾಲ ಇದೆಯಾ ಎಲ್ಲ ಗೊತ್ತಾಗುತ್ತದೆ. ‘ತಾತನ ಗಾಡಿ’ ಅಂದರೆ ಇನ್ನೂ ಹುಷಾರಾಗಿರಿ. ತಾತ ತೀರಿಕೊಂಡಿದ್ದು ಆರ್‌ಸಿ ಅವರ ಹೆಸರಲ್ಲೇ ಇದ್ದರೆ, ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ನಿಮ್ಮ ಹೆಸರಿಗೆ ಫಾರ್ಮ್ 29, 30. ತಾತ ಸಹಿ ಹಾಕಿಟ್ಟಿದ್ದ ಖಾಲಿ ಫಾರ್ಮ್ ಇದೆ ಅಂದರೆ ಮುಟ್ಟಲೂ ಬೇಡಿ.

15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು. 2025ರಲ್ಲಿ ಬಂದ ನಿಯಮದ ಪ್ರಕಾರ 20 ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕವೇ 2,000 ರೂಪಾಯಿ, ಗ್ರೀನ್ ಟ್ಯಾಕ್ಸ್ ಬೇರೆ. ನವೀಕರಣ ಮಾಡಿಸದೆ ಎಷ್ಟು ವರ್ಷ ಬಿಟ್ಟಿದ್ದಾರೆ ಅಂತ ನೋಡಿ, ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ. 50 ವರ್ಷ ದಾಟಿದ ಗಾಡಿಯಾದರೆ ವಿಂಟೇಜ್ ಅಂತ ನೋಂದಾಯಿಸಬಹುದು. 2021ರ ನಿಯಮದಲ್ಲಿ ಅದಕ್ಕೆ 20,000 ರೂಪಾಯಿ, 10 ವರ್ಷ ಚಾಲ್ತಿ, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ಆಫೀಸಿಗೆ ಹೋಗಲು ಬೇಕು ಅನ್ನುವವರು ಆ ದಾರಿ ಹಿಡಿಯಬೇಡಿ.

ಸಾಮಾನು ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಮೈಸೂರಿನಲ್ಲಿ ಸಿಗುತ್ತದೆ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಹಳೆ ಒರಿಜಿನಲ್ ಕೂಡ ಸಿಗುತ್ತದೆ. 2018ರ ನಂತರ ಬಂದ ಹೊಸ ಜಾವಾ, ಹೊಸ ಯೆಜ್ದಿಗಳು ಫೋರ್ ಸ್ಟ್ರೋಕ್, ಅವುಗಳ ಎಂಜಿನ್ ಸಾಮಾನು ಇದಕ್ಕೆ ಕೂರುವುದಿಲ್ಲ. ಗಾಡಿ ಮನೆಗೆ ಬಂದ ಮೇಲೆ ಹಳೆ ಪೆಟ್ರೋಲ್ ಪೂರ್ತಿ ಇಳಿಸಿ, ರಬ್ಬರ್ ಪೈಪ್ ಬದಲಾಯಿಸಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನು ತಿನ್ನುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬುರೇಟರ್ ಖಾಲಿ ಆಗುವ ತನಕ ಓಡಿಸಿ ನಿಲ್ಲಿಸಿ. ಟೂಟಿ ಆಯಿಲನ್ನು ನಾನು ಲೀಟರಿಗೆ 40 ಮಿಲಿ ಹಾಕಿಸುತ್ತೇನೆ. ಹೊಸದಾಗಿ ಬೋರ್ ಮಾಡಿಸಿದ ಗಾಡಿಗೆ ಶುರುವಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ.