ಜಿಎಂಟಿ: ‘ನಿಜವಾದದ್ದು’ ಯಾವುದು?

ಮೊನ್ನೆ ಗೆಳೆಯನೊಬ್ಬ ಹೊಸ ಜಿಎಂಟಿ ವಾಚ್, ಅಂದರೆ ಒಟ್ಟಿಗೇ ಎರಡು ಊರಿನ ಟೈಮ್ ತೋರಿಸುವ ವಾಚ್, ಕಟ್ಟಿಕೊಂಡು ಬಂದಿದ್ದ. ಪಕ್ಕದಲ್ಲಿದ್ದವರು ನೋಡಿದ ತಕ್ಷಣ, “ಚೆನ್ನಾಗಿದೆ, ಆದ್ರೆ ಇದು ನಿಜವಾದ ಜಿಎಂಟಿ ಅಲ್ಲ” ಅಂದರು. ಅವನ ಮುಖ ಸಪ್ಪಗಾಯಿತು. ಈ ಮಾತು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಜಿಎಂಟಿ ಎಂದರೆ ಗ್ರೀನಿಚ್ ಮೀನ್ ಟೈಮ್. ಇಲ್ಲಿ ‘ಮೀನ್’ ಎಂದರೆ ಸರಾಸರಿ. ಯಾವುದರ ಸರಾಸರಿ? ಸೂರ್ಯ ಇವತ್ತು ನೆತ್ತಿಗೆ ಬಂದು, ನಾಳೆ ಮತ್ತೆ ನೆತ್ತಿಗೆ ಬರಲು ಸರಿಯಾಗಿ 24 ಗಂಟೆ ಬೇಕು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಭೂಮಿ ವಾಲಿಕೊಂಡೂ ಇದೆ. ಹಾಗಾಗಿ ನೆರಳು ನೋಡಿ ಹೇಳುವ ಹೊತ್ತು ಫೆಬ್ರವರಿಯಲ್ಲಿ ಗಡಿಯಾರಕ್ಕಿಂತ ಸುಮಾರು 14 ನಿಮಿಷ ಹಿಂದೆ ಬೀಳುತ್ತದೆ, ನವೆಂಬರ್ ಶುರುವಿನಲ್ಲಿ ಸುಮಾರು 16 ನಿಮಿಷ ಮುಂದೆ ಓಡುತ್ತದೆ. ಈ ಏರುಪೇರನ್ನೆಲ್ಲ ವರ್ಷಕ್ಕೆ ಹಂಚಿ ತೆಗೆದ ಸರಾಸರಿ ಹೊತ್ತೇ ‘ಮೀನ್ ಟೈಮ್’. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳು ಗ್ರೀನಿಚ್ ಗೆರೆಯನ್ನು ಸೊನ್ನೆ ರೇಖಾಂಶ ಎಂದು ಒಪ್ಪಿದವು. ಅಂದರೆ ಜಿಎಂಟಿ ಒಂದು ಹೊತ್ತಿನ ಹೆಸರು. ಅದರಲ್ಲಿ ನಿಜ, ಸುಳ್ಳು ಎಲ್ಲಿಂದ ಬಂತು?

ಹೆಸರು ವಾಚಿಗೆ ಅಂಟಿದ್ದು 1950ರ ದಶಕದಲ್ಲಿ. ಪ್ಯಾನ್ ಆ್ಯಮ್ ಎಂಬ ಅಮೆರಿಕದ ವಿಮಾನ ಕಂಪನಿಯ ಪೈಲಟ್‌ಗಳಿಗೆ ಊರಿನ ಟೈಮೂ ಬೇಕಿತ್ತು, ಗ್ರೀನಿಚ್ ಟೈಮೂ ಬೇಕಿತ್ತು. ರೋಲೆಕ್ಸ್ ‘ಜಿಎಂಟಿ-ಮಾಸ್ಟರ್’ ಮಾಡಿತು. ಮೊದಲ ಮಾದರಿ 6542, ಆಮೇಲೆ 1959ರಿಂದ ಸುಮಾರು ಎರಡು ದಶಕ 1675. ಎರಡರಲ್ಲೂ 24 ಗಂಟೆಗೆ ಒಂದು ಸುತ್ತು ಹಾಕುವ ಹೆಚ್ಚುವರಿ ಮುಳ್ಳಿದೆ. ಆದರೆ ಅದು ಗಂಟೆ ಮುಳ್ಳಿನ ಜೊತೆಗೇ ಕಟ್ಟಿಹಾಕಿದಂತೆ ಓಡುತ್ತದೆ. ಎರಡನೇ ಊರಿನ ಟೈಮ್ ಬೇಕೆಂದರೆ ಬೆಜೆಲ್, ಅಂದರೆ ಗಾಜಿನ ಸುತ್ತ ಇರುವ 24 ಗಂಟೆಯ ಅಂಕಿಗಳ ಬಳೆ, ತಿರುಗಿಸಬೇಕು. ಗಂಟೆ ಮುಳ್ಳನ್ನು ಮಾತ್ರ ಒಂದೊಂದೇ ಗಂಟೆ ಹಾರಿಸುವ ಸೌಲಭ್ಯ ಬಂದದ್ದು 1980ರ ದಶಕದ ‘ಜಿಎಂಟಿ-ಮಾಸ್ಟರ್ 2’ರಲ್ಲಿ.

ಈಗ ‘ನಿಜವಾದ ಜಿಎಂಟಿ’ ಅನ್ನುವವರು ಕೇಳುವುದು ಈ ಹಾರುವ ಗಂಟೆ ಮುಳ್ಳನ್ನೇ. ಹಾಗಾದರೆ ಆ ಹೆಸರು ತಂದ 6542 ಸುಳ್ಳು, 1675ಯೂ ಸುಳ್ಳು! ಹಳೇ ವಾಚ್ ಸಂಗ್ರಹಿಸುವವರು ಹಂಬಲಿಸುವುದು ಮಾತ್ರ ಅವಕ್ಕೇ.

ಆ ಹಂಬಲ ಯಾಕೆ ಅಂತ ತಿಳಿಯಬೇಕಾದರೆ 1675 ಒಂದನ್ನು ಹತ್ತಿರದಿಂದ ನೋಡಬೇಕು. ಬೆಜೆಲ್ ಮೇಲಿನ ಪಟ್ಟಿ ಅಲ್ಯೂಮಿನಿಯಂದು. 6ರಿಂದ 18ರವರೆಗೆ ಕೆಂಪು, ಅದು ಹಗಲು. ಉಳಿದರ್ಧ ನೀಲಿ, ಅದು ರಾತ್ರಿ. ‘ಪೆಪ್ಸಿ’ ಅನ್ನುವ ಅಡ್ಡಹೆಸರು ಈ ಬಣ್ಣಗಳಿಂದಲೇ. ಬಿಸಿಲು ತಿಂದು ತಿಂದು ಕೆಂಪು ಗುಲಾಬಿಯಾಗುತ್ತದೆ, ನೀಲಿ ಬೂದಿಯ ಕಡೆ ತಿರುಗುತ್ತದೆ. ಒಂದು ಮಾಸಿದ ಹಾಗೆ ಇನ್ನೊಂದು ಮಾಸಿರುವುದಿಲ್ಲ. ಕಟ್ಟಿಕೊಂಡವರು ಎಷ್ಟು ಬಿಸಿಲಿನಲ್ಲಿ ಓಡಾಡಿದರು ಅನ್ನುವುದು ಅಲ್ಲೇ ಕೂತಿರುತ್ತದೆ. ಈಗಿನ ಸೆರಾಮಿಕ್ ಹೀಗೆ ಮಾಸುವುದಿಲ್ಲ. ನನಗಂತೂ ಮಾಸಿದ್ದೇ ಜಾಸ್ತಿ ಇಷ್ಟ.

ಇನ್ನು ನಮ್ಮ ಐದೂವರೆ ಗಂಟೆಯ ತಕರಾರು. ಹಾರುವ ಮುಳ್ಳು ಹಾರುವುದು ಇಡೀ ಗಂಟೆ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ 10:10 ಆದಾಗ ಗ್ರೀನಿಚ್‌ನಲ್ಲಿ 4:40. ನಿಮಿಷದ ಮುಳ್ಳು ಒಂದೇ, ಆದ್ದರಿಂದ ಆ ಅರ್ಧ ಗಂಟೆಯನ್ನು ನಾವೇ ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ‘ನಿಜವಾದದ್ದು’ ಕೊಂಡರೂ ಇದು ತಪ್ಪುವುದಿಲ್ಲ.

ಗೆಳೆಯನ ವಾಚಿನಲ್ಲಿ 24 ಗಂಟೆಯ ಮುಳ್ಳೇ ಬೇರೆಯಾಗಿ ತಿರುಗುತ್ತದೆ. ಅವನು ಊರು ಬಿಟ್ಟು ಹೋಗುವವನಲ್ಲ. ಮಗಳು ಟೊರಾಂಟೊದಲ್ಲಿದ್ದಾಳೆ. ಫೋನ್ ಮಾಡುವ ಮುಂಚೆ ಅವಳಿಗೆ ಹಗಲೋ ರಾತ್ರಿಯೋ ಗೊತ್ತಾಗಬೇಕು, ಅಷ್ಟೇ. ಮುಳ್ಳು ಕೆಂಪಿನ ಮೇಲಿದ್ದರೆ ಫೋನ್ ಮಾಡುತ್ತಾನೆ.