ಹುಳಿಕೋಸಿಗೆ ವಿನೆಗರ್ ಬೇಡ, ಉಪ್ಪೇ ಸಾಕು

ಜರ್ಮನ್ನರ ಹುಳಿಕೋಸು, ಅಂದರೆ ಸೌರ್‌ಕ್ರಾಟ್, ವಿನೆಗರ್‌ನಲ್ಲಿ ನೆನೆಸಿದ ಕೋಸು ಅಂತ ಎಷ್ಟೋ ಜನ ನಂಬಿದ್ದಾರೆ. ಇನ್ನು ಕೆಲವರಿಗೆ ಅದು ಕೊಳೆತ ಕೋಸು. ಎರಡೂ ಅಲ್ಲ. ಒಂದು ಕೆಜಿ ಕೋಸನ್ನು ಎಳೆಎಳೆಯಾಗಿ ಹೆಚ್ಚಿ, 20 ಗ್ರಾಂ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕಿ. ಕೋಸು ತಾನೇ ನೀರು ಬಿಡುತ್ತದೆ. ಭರಣಿಗೆ ಒತ್ತಿ ತುಂಬಿ, ಮೇಲೆ ಭಾರ ಇಟ್ಟು, ಆ ನೀರಲ್ಲೇ ಪೂರ್ತಿ ಮುಳುಗಿಸಿಡಬೇಕು. ಗಾಳಿ ತಾಗಿದ ಕಡೆ ಬೂಷ್ಟು ಹಿಡಿಯುತ್ತದೆ.

ಮುಂದಿನದು ಬ್ಯಾಕ್ಟೀರಿಯಾಗಳ ಕೆಲಸ, ಅದನ್ನು ಎಷ್ಟು ಹೇಳಿದರೂ ನನಗೆ ಸಾಲದು. ಕೊಳೆಸುವ ಜೀವಿಗಳಿಗೆ ಇಷ್ಟು ಉಪ್ಪು, ಗಾಳಿಯಿಲ್ಲದ ಜಾಗ ಆಗಿಬರುವುದಿಲ್ಲ. ಕೋಸಿನ ಎಲೆಯ ಮೇಲೆ ಮೊದಲೇ ಕೂತಿರುವ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾಕ್ಕೆ ಆಗುತ್ತದೆ. ಅದು ಕೋಸಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ, ಸ್ವಲ್ಪ ಅಸಿಟಿಕ್ ಆಮ್ಲ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಭರಣಿಯಲ್ಲಿ ಗುಳ್ಳೆ ಏಳುವುದು ಅದಕ್ಕೇ. ನಮ್ಮ ಇಡ್ಲಿ ಹಿಟ್ಟು ಉಬ್ಬುವುದರಲ್ಲೂ ಇದೇ ಬ್ಯಾಕ್ಟೀರಿಯಾದ ಕೈಯಿದೆ! ತಾನೇ ಮಾಡಿದ ಹುಳಿ ಜಾಸ್ತಿಯಾಗಿ ಅದು ಸೋತಾಗ, ಇನ್ನೂ ಹುಳಿ ತಾಳುವ ಲ್ಯಾಕ್ಟೋಬ್ಯಾಸಿಲಸ್ ಗುಂಪು ಕೆಲಸ ವಹಿಸಿಕೊಂಡು ಪಿಎಚ್ ಅನ್ನು (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 3.5ರ ಹತ್ತಿರಕ್ಕೆ ಇಳಿಸುತ್ತದೆ. 20 ಡಿಗ್ರಿ ಆಸುಪಾಸಿನಲ್ಲಿ ಮೂರು-ನಾಲ್ಕು ವಾರ ಬೇಕು. ನಮ್ಮ ಬೇಸಿಗೆಯ ಸೆಕೆಯಲ್ಲಿ ಬೇಗ ಹುಳಿಯಾಗುತ್ತದೆ ನಿಜ, ಆದರೆ ಮೊದಲ ಗುಂಪಿಗೆ ಸಮಯವೇ ಸಿಗದೆ ಪರಿಮಳ ಕಡಿಮೆ.

ಈ ಹುಳಿಯಲ್ಲಿ ಸಿ ವಿಟಮಿನ್ ಬಹಳ ಕಾಲ ಉಳಿಯುತ್ತದೆ. 1768ರಲ್ಲಿ ಹೊರಟ ಎಂಡೆವರ್ ಹಡಗಿನಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಇದನ್ನು ಸಿ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ರೋಗ ತಡೆಯಲೆಂದೇ ಒಯ್ದಿದ್ದ. ನಾವಿಕರು ಮುಟ್ಟಲಿಲ್ಲ. ಅಧಿಕಾರಿಗಳ ಊಟಕ್ಕೆ ದಿನಾ ಬಡಿಸುವಂತೆ ಮಾಡಿದ, ಅಷ್ಟೇ, ಉಳಿದವರೂ ಕೇಳಿ ತಿನ್ನತೊಡಗಿದರು.

ಇನ್ನು ಹುಳಿಕೋಸಿನ ಜೊತೆಗಾರ ಸಾಸೇಜ್, ಅಂದರೆ ತೆಳು ಸಿಪ್ಪೆಯೊಳಗೆ ತುಂಬಿದ ಕೊಚ್ಚಿದ ಮಾಂಸ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಬೆರಳುದ್ದದ, 20-25 ಗ್ರಾಂ ತೂಗುವ ಪುಟ್ಟ ಸಾಸೇಜ್‌ಗಳನ್ನು ಬೀಚ್ ಮರದ ಕೆಂಡದ ಮೇಲೆ ಸುಟ್ಟು ಹುಳಿಕೋಸಿನ ಜೊತೆ ಕೊಡುತ್ತಾರೆ. ಮನೆಯಲ್ಲಿ ದಪ್ಪ ಹಸಿ ಬ್ರಾಟ್‌ವುರ್ಸ್ಟ್ (ಹುರಿದು ತಿನ್ನುವ ಜರ್ಮನ್ ಸಾಸೇಜ್) ಇದ್ದರೆ ಸೀದಾ ಕಾದ ಬಾಣಲೆಗೆ ಹಾಕಬೇಡಿ: ಸಿಪ್ಪೆ ಬಿಗಿಯುತ್ತದೆ, ಒಳಗೆ ಹಬೆ ಏಳುತ್ತದೆ, ಫಟ್ ಅಂತ ಒಡೆಯುತ್ತದೆ. ಫೋರ್ಕ್‌ನಲ್ಲಿ ಚುಚ್ಚುವುದೂ ಬೇಡ, ರಸವೆಲ್ಲ ಸೋರಿಹೋಗುತ್ತದೆ. ಕುದಿಯದ, 80 ಡಿಗ್ರಿಯ ನೀರಿನಲ್ಲಿ ನಡುಭಾಗ 71 ಡಿಗ್ರಿ ಮುಟ್ಟುವವರೆಗೆ ಬೇಯಿಸಿ, ಆಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಅದೇ ಬಾಣಲೆಯಲ್ಲಿ ಈರುಳ್ಳಿ, ಸೇಬು, ಪಲಾವ್ ಎಲೆ, ಹಿಂಡಿದ ಹುಳಿಕೋಸು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಬೆಂದಾಗ ಬ್ಯಾಕ್ಟೀರಿಯಾ ಸಾಯುತ್ತವೆ. ಅವು ಜೀವಂತ ಬೇಕೆನ್ನುವವರು ಒಂದು ಹಿಡಿ ಕೋಸನ್ನು ಬೇಯಿಸದೆ ತಟ್ಟೆಯ ಪಕ್ಕಕ್ಕೆ ಹಾಕಿಕೊಳ್ಳಲಿ.